ಕೂರುವವರನ್ನು ಎಬ್ಬಿಸದೆ ಹೋಟೆಲ್ ನಡೆಸಿದ್ದು: ನನ್ನ ಅನುಭವ

ನಮ್ಮ ಕಡೆ ಹೋಟೆಲಿನವರು ಎಲ್ಲೇ ಸೇರಲಿ, ಮದುವೆ ಮನೆಯಾಗಲಿ ದೇವಸ್ಥಾನವಾಗಲಿ, ಒಂದು ಮಾತು ಬಂದೇ ಬರುತ್ತದೆ. "ಬೈಟು ಕಾಫಿ ತಕ್ಕೊಂಡು ಒಂದೂವರೆ ಗಂಟೆ ಕೂತ್ಕೊಳ್ತಾರೆ ಮಾರಾಯ್ರೇ, ಇವರನ್ನ ಹೇಗೆ ಎಬ್ಬಿಸೋದು?" ಎಬ್ಬಿಸಬೇಡಿ, ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ಕೂರಿಸಿ ಎಂದು ನಾನು ಹೇಳಿದರೆ ಮೊದಲೆಲ್ಲ ನಗುತ್ತಿದ್ದರು. ಈಗ ನಮ್ಮಲ್ಲಿಗೆ ಬಂದು ಟೇಬಲ್ಲಿನ ಅಳತೆ ತೆಗೆದುಕೊಂಡು ಹೋಗುತ್ತಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲೂಕು ಕೇಂದ್ರ. ಕೋರ್ಟು, ಸಬ್ ರಿಜಿಸ್ಟ್ರಾರ್ ಕಚೇರಿ, ಬಸ್ ಸ್ಟ್ಯಾಂಡು ಮೂರೂ ಕೂಗಳತೆಯಲ್ಲಿ. ಅಪ್ಪ ಕುಂದಾಪುರದ ಕಡೆಯಿಂದ ಮಾಣಿಯಾಗಿ ಬಂದು, ಕೊನೆಗೆ ಅದೇ ಹೋಟೆಲನ್ನು ಯಜಮಾನರಿಂದ ವಹಿಸಿಕೊಂಡವರು. ಅದು 1960ರ ದಶಕದ ಕೊನೆಯ ಮಾತು. ಕೆಳಗೆ ಹನ್ನೆರಡು ಟೇಬಲ್, ಮೇಲೆ ಒಂದು ಹಾಲ್, ಫ್ಯಾಮಿಲಿ ರೂಮ್ ಎಂದು ಪರದೆ ಬಿಟ್ಟ ಎರಡು ಗೂಡು. ಗೋಡೆಯ ಮೇಲೆ "ಇಂದು ನಗದು ನಾಳೆ ಉದ್ರಿ" ಮತ್ತು "ಇಲ್ಲಿ ರಾಜಕೀಯ ಮಾತನಾಡಬಾರದು" ಎಂಬ ಎರಡು ಬೋರ್ಡು. ಎರಡನ್ನೂ ಓದಿಕೊಂಡೇ ಜನ ಉದ್ರಿ ಹೇಳಿ ರಾಜಕೀಯ ಮಾತಾಡುತ್ತಿದ್ದರು.

ಗಲ್ಲಾ ನನ್ನ ಕೈಗೆ ಬಂದದ್ದು 2014-15ರ ಸುಮಾರಿಗೆ. ಆಗ ದಿನದ ಕಲೆಕ್ಷನ್ 13-14 ಸಾವಿರ. ಅದೂ ಇಳಿಮುಖ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಶುರುವಾದ ದರ್ಶಿನಿ ಪದ್ಧತಿ ನಮ್ಮ ಊರಿಗೆ ಬರಲು ಮೂವತ್ತು ವರ್ಷ ತೆಗೆದುಕೊಂಡಿತು. ಬಂದ ಮೇಲೆ ಮಾತ್ರ ತಡ ಮಾಡಲಿಲ್ಲ. ಎದುರುಗಡೆ ಒಂದರ ಪಕ್ಕ ಒಂದು ಎರಡು ತೆರೆದವು. ನಿಂತು ತಿಂದು ಹೋಗುವವರೆಲ್ಲ ಅಲ್ಲಿ. ನಮ್ಮಲ್ಲಿ ಉಳಿದವರು ಕೂರುವವರು: ನಿವೃತ್ತ ಮೇಷ್ಟ್ರುಗಳು, ಪತ್ರ ಬರಹಗಾರರು, ಎಲ್‌ಐಸಿ ಏಜೆಂಟರು, ಅಡಿಕೆ ಮಂಡಿಯ ಗುಮಾಸ್ತರು, ಮುಂದಿನ ಡೇಟಿಗೆ ಕಾಯುವ ಕಕ್ಷಿದಾರರು.

ಭಾವ ಹುಬ್ಬಳ್ಳಿಯಲ್ಲಿ ಹೋಟೆಲ್ ನಡೆಸುವವರು, ಅನುಭವಸ್ಥರು. "ಟೇಬಲ್ ಎಲ್ಲ ಕಿತ್ತು ಬಿಸಾಕು. ಕೌಂಟರ್ ಹಾಕು, ಟೋಕನ್ ಕೊಡು. ಕೂರೋರು ಊರು ಬಿಟ್ಟು ಹೋಗಲ್ಲ, ನಿಂತೇ ಕುಡೀತಾರೆ" ಎಂದರು. ಆಡಿಟರ್ ಕೂಡ ಅದನ್ನೇ ಹೇಳಿದರು. ಚಿಕ್ಕಪ್ಪ ಮಾತ್ರ ಏನೂ ಹೇಳದೆ ಎಲೆಯಡಿಕೆ ಹಾಕಿಕೊಂಡರು. ಅವರು ಯಾವಾಗಲೂ ಹಾಗೆಯೇ.

ಮೊದಲು ಸೋತದ್ದನ್ನು ಹೇಳುತ್ತೇನೆ, ಏಕೆಂದರೆ ದುಡ್ಡು ಹೋದದ್ದು ಅಲ್ಲಿ.

ಒಂದು, ಟಿವಿ. 2015ರಲ್ಲಿ ವಿಶ್ವಕಪ್ ಕ್ರಿಕೆಟ್ ಇತ್ತಲ್ಲ, ಆಗ 40 ಇಂಚಿನ ಟಿವಿ ತೂಗುಹಾಕಿದೆ. ಜನ ಬಂದರು, ನಿಜ. ಆದರೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತರು. ಮಾತಿಲ್ಲ. ಮಾತಿಲ್ಲದಿದ್ದರೆ ಎರಡನೇ ಕಾಫಿ ಇಲ್ಲ. ಇದನ್ನು ನೀವೂ ಗಮನಿಸಿ ನೋಡಿ: ಎರಡನೇ ಕಾಫಿ ಹೇಳುವವನು ಯಾವಾಗಲೂ ಮಾತಿನ ಮಧ್ಯೆ ಕೈ ಎತ್ತುತ್ತಾನೆ. ಮ್ಯಾಚ್ ನೋಡುವವನು ಓವರ್ ಮುಗಿಯಲಿ ಅನ್ನುತ್ತಾನೆ. ಆ ಓವರ್ ಮುಗಿಯುವುದೇ ಇಲ್ಲ. ಟಿವಿಯನ್ನು ಇಳಿಸಿ ಅಡುಗೆ ಭಟ್ಟರ ರೂಮಿಗೆ ಕೊಟ್ಟೆ.

ಎರಡು, ಎಸಿ ಹಾಲ್. ಮಹಡಿಗೆ ಫಾಲ್ಸ್ ಸೀಲಿಂಗ್, ಎಸಿ, ಸೋಫಾ ಎಂದು ಸುಮಾರು ಮೂರೂವರೆ ಲಕ್ಷ ಸುರಿದಿದ್ದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಎಸಿ ಇಲ್ಲದ ಹೋಟೆಲಿಗೆ ಶೇ 12, ಎಸಿ ಇದ್ದರೆ ಶೇ 18. ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಒಂದು ಭಾಗಕ್ಕೆ ಎಸಿ ಇದ್ದರೂ ಇಡೀ ಹೋಟೆಲಿಗೆ 18 ಎಂದಾಯಿತು. ಕೆಳಗೆ ಫ್ಯಾನಿನಡಿ ಇಡ್ಲಿ ತಿನ್ನುವವನಿಗೂ 18. ಬಿಲ್ಲು ನೋಡಿ ಪತ್ರ ಬರಹಗಾರರೊಬ್ಬರು "ಸ್ವಾಮೀ, ಮೇಲಿನ ತಂಪು ಇಲ್ಲಿಗೆ ಇಳಿಯುತ್ತಿಲ್ಲ" ಎಂದರು. ಎಸಿ ಬಿಚ್ಚಿಸಿ ಅರ್ಧ ಬೆಲೆಗೆ ಮಾರಿದೆ. ನವೆಂಬರ್ 15ರಿಂದ ಎಲ್ಲರಿಗೂ ಶೇ 5 ಮಾಡಿದರು, ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆದುಕೊಳ್ಳುವಂತಿಲ್ಲ. ಆಗ ಎಸಿ ನನ್ನ ಬಳಿ ಇರಲಿಲ್ಲ.

ದುಡ್ಡಿನ ಮಾತು ಬಿಡಿ, ಆ ಹಾಲಿನಲ್ಲಿ ಜನ ಪಿಸುಗುಟ್ಟುತ್ತಿದ್ದರು. ಬಾಗಿಲು ಮುಚ್ಚಿ ಸೋಫಾ ಮೇಲೆ ಕೂತರೆ ನಮ್ಮೂರಿನವರಿಗೆ ಡಾಕ್ಟರ ಕ್ಲಿನಿಕ್ಕಿಗೆ ಬಂದಂತೆ ಆಗುತ್ತದೋ ಏನೋ.

ಮೂರು, ಭಾವನ ಟೋಕನ್. 2018ರಲ್ಲಿ ಮುಂಭಾಗದ ನಾಲ್ಕು ಟೇಬಲ್ ತೆಗೆದು ಕೌಂಟರ್ ಹಾಕಿದೆ. ಗ್ರಾನೈಟು, ಸ್ಟೀಲು, ಬಿಲ್ಲಿಂಗ್ ಮಷಿನ್ ಸೇರಿ ಒಂದು ಲಕ್ಷದ ಹತ್ತಿರ ಹತ್ತಿರ. ಮಷಿನ್ ಕೊಟ್ಟವರು ಸರ್ವೀಸಿಗೆ ಒಂದು ಸಲವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಎದುರಿನ ದರ್ಶಿನಿಗಿಂತ ಒಂದು ರೂಪಾಯಿ ಕಮ್ಮಿ ಇಟ್ಟರೂ ನಿಲ್ಲುವವರು ನಮ್ಮ ಕಡೆ ತಿರುಗಲಿಲ್ಲ. ಕೂರುವವರು ಮಾತ್ರ ಮುನಿಸಿಕೊಂಡರು. ನಿಲ್ಲುವ ವ್ಯಾಪಾರದಲ್ಲಿ ರಸ್ತೆ ಬದಿಯ ಮುಖವೇ ಮುಖ್ಯ. ನಮ್ಮದು ಕಿರಿದಾದ ಮುಂಭಾಗ, ಒಳಗೆ ಆಳ. ಅಪ್ಪನ ಕಾಲದಲ್ಲಿ ಕಟ್ಟಿದ್ದೇ ಕೂರಿಸಲಿಕ್ಕೆ.

ಅಲ್ಲಿಗೆ ನಾನು ಒಂದು ನಿರ್ಧಾರಕ್ಕೆ ಬಂದೆ. ಇರುವವರು ಕೂರುವವರು, ಕಟ್ಟಡ ಕೂರುವುದಕ್ಕೆ. ಹಾಗಾದರೆ ಕೂರುವುದರಲ್ಲೇ ದುಡ್ಡು ಹುಡುಕಬೇಕು.

ಬೆಂಗಳೂರಿಗೆ ಹೋದಾಗೆಲ್ಲ ಹಳೆಯ ಹೋಟೆಲುಗಳಲ್ಲಿ ಸುಮ್ನೆ ಕೂತು ನೋಡಲು ಶುರುಮಾಡಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಗೋಡೆಯ ಮೇಲೆ ಸಾಹಿತಿಗಳ ರೇಖಾಚಿತ್ರ, ಸಪ್ಲೈಯರ್ ಒಂದೇ ಕೈಯಲ್ಲಿ ಗೋಪುರದಷ್ಟು ದೋಸೆ ತಟ್ಟೆ ಹೊತ್ತು ತರುವುದು, ಎಲ್ಲ ನಿಮಗೆ ಗೊತ್ತು. ಅಲ್ಲಿ ಅಪರಿಚಿತರು ಒಂದೇ ಟೇಬಲ್ಲಿಗೆ ಸಲೀಸಾಗಿ ಕೂರುತ್ತಾರೆ. ಅದನ್ನು ನೋಡಿಕೊಂಡು ಬಂದೆ. ಇಂಡಿಯನ್ ಕಾಫಿ ಹೌಸ್ ಇನ್ನೊಂದು. ಕಾಫಿ ಬೋರ್ಡು ಕೈಬಿಟ್ಟಾಗ 1957ರಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಉಳಿಸಿಕೊಂಡ ಹೋಟೆಲು ಅದು. 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು, ಕೂರುವವರೂ ಹಿಂದೆಯೇ ಬಂದರು. ಬರೀ ತಿಂಡಿಗೆ ಬರುವವರಾಗಿದ್ದರೆ ಎಂ.ಜಿ. ರಸ್ತೆಯಲ್ಲೇ ಬೇರೆ ಕಡೆ ತಿನ್ನುತ್ತಿದ್ದರು, ಅಲ್ವಾ?

ಮನೆಗೆ ಬಂದು ಒಂದು ವಾರ ಗಲ್ಲಾದಲ್ಲಿ ಕೂತು ಟೇಬಲ್ ಲೆಕ್ಕ ಬರೆದೆ. ಯಾವ ಟೇಬಲ್, ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಬಿಲ್ಲು. ನಷ್ಟ ಎಲ್ಲಿದೆ ಎಂದು ಆಗ ಕಂಡಿತು. ಒಬ್ಬ ಮೇಷ್ಟ್ರು ಒಂದು ಗಂಟೆ ಕೂತರೆ ನಷ್ಟವಿಲ್ಲ. ಅವರೊಬ್ಬರಿಗೆ ನಾಲ್ಕು ಜನರ ಟೇಬಲ್ ಹೋಗುತ್ತದಲ್ಲ, ಅದು ನಷ್ಟ. ಇಬ್ಬರು ಕೂತ ನಾಲ್ಕರ ಟೇಬಲ್ಲಿಗೆ ಮೂರನೆಯವನು ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಇಣುಕಿ, ಜಾಗ ಇಲ್ಲ ಎಂದುಕೊಂಡು ಎದುರಿನ ದರ್ಶಿನಿಗೆ ಹೋಗುತ್ತಾನೆ. ಒಳಗೆ ನೋಡಿದರೆ ಅರ್ಧ ಕುರ್ಚಿ ಖಾಲಿ.

ಆದ್ದರಿಂದ ಉದ್ದ ಟೇಬಲ್.

ಮೊದಲು ಮೂರು ಟೇಬಲ್ ಜೋಡಿಸಿ ಮೇಲೆ ರೆಕ್ಸಿನ್ ಹಾಸಿದೆ. ಆಗಲಿಲ್ಲ. ರೆಕ್ಸಿನ್ ಅಡಿಯಲ್ಲಿ ಸಂದು ಕೈಗೆ ಸಿಗುತ್ತದೆ, ಜನ ಆ ಸಂದನ್ನೇ ಗಡಿ ಮಾಡಿಕೊಂಡು ಕೂರುತ್ತಾರೆ. ನಾವು ಇಲ್ಲಿಯವರು, ನೀವು ಅಲ್ಲಿಯವರು. ಆಮೇಲೆ ಹಳೆ ಮನೆ ಕೆಡವಿದ ಕಡೆಯಿಂದ ಹಲಸಿನ ತೊಲೆ ತಂದು ಸೀಳಿಸಿ, ಹನ್ನೊಂದು ಅಡಿಯ ಸಂದಿಲ್ಲದ ಟೇಬಲ್ ಮಾಡಿಸಿದೆ. ಮರ, ಕೂಲಿ, ಪಾಲಿಶ್ ಸೇರಿ 38-40 ಸಾವಿರ ಆಗಿರಬೇಕು. ಅಗಲ 30 ಇಂಚು ಇಟ್ಟಿದ್ದೆ. ಬೆಳಗಿನ ಗಲಾಟೆಯಲ್ಲಿ ಎದುರಿನವರ ಮಾತು ಕೇಳದೆ ಜನ ಪಕ್ಕದವರ ಜೊತೆಗಷ್ಟೇ ಮಾತಾಡುತ್ತಿದ್ದರು. ಬಡಗಿಯನ್ನು ಮತ್ತೆ ಕರೆಸಿ 26 ಇಂಚಿಗೆ ಕತ್ತರಿಸಿದೆ. ಬಡಗಿ ನನಗೆ ತಲೆ ಕೆಟ್ಟಿದೆ ಎಂದುಕೊಂಡ. ಎರಡು ದೋಸೆ ತಟ್ಟೆ ಎದುರುಬದುರು ಸರಿಯಾಗಿ ಕೂರುತ್ತವೆ, ಮಾತು ಆಚೆ ದಡಕ್ಕೆ ತಲುಪುತ್ತದೆ. ಕುರ್ಚಿ ಬೇಡ, ಬೆಂಚು ಹಾಕಿ. ಬೆಂಚಿನಲ್ಲಿ "ಸ್ವಲ್ಪ ಸರೀರಿ" ಎನ್ನಬಹುದು. ಕುರ್ಚಿಯಲ್ಲಿ ಕೂತವನು ಸರಿಯುವುದಿಲ್ಲ.

ಐದು ಟೇಬಲ್ ಹಿಡಿಯುತ್ತಿದ್ದ ಜನ ಒಂದಕ್ಕೆ ಬಂದರು. ಉಳಿದ ನಾಲ್ಕು ತಿಂಡಿಗೆ ಬರುವವರಿಗೆ ಬಿಡುವಾದವು. ಟೇಬಲ್ ತಿರುಗಲು ಶುರುವಾಯಿತು. ಮುಖ್ಯ ವಿಷಯ ಇಷ್ಟೇ. ಇನ್ನುಳಿದದ್ದು ಹೊತ್ತಿನ ಲೆಕ್ಕ.

ಬೆಳಿಗ್ಗೆ 6ರಿಂದ ಎಂಟೂವರೆವರೆಗೆ ಉದ್ದ ಟೇಬಲ್ ಕಾಯಂ ಗಿರಾಕಿಗಳದ್ದು. ಎಂಟೂವರೆಗೆ ಅದು ತಿಂಡಿಗೆ ಬೇಕು. ಮಧ್ಯಾಹ್ನ 12 ಗಂಟೆಯಿಂದ ಎರಡೂವರೆವರೆಗೆ ಎಲೆ ಊಟ, ಆಗ ಯಾರನ್ನೂ ಸುಮ್ನೆ ಕೂರಿಸುವುದಿಲ್ಲ. 3ರಿಂದ 6 ಮತ್ತೆ ಕೂರುವವರಿಗೆ. ಎಂಟೂವರೆಗೆ ಇಷ್ಟು ಜನರನ್ನು ಒಂದು ಮಾತೂ ಆಡದೆ ಹೇಗೆ ಎಬ್ಬಿಸುತ್ತೇನೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಬೆಳಿಗ್ಗೆ ಬಂದು ಕೂತು ನೋಡಿ, ಜಾಣರಿಗೆ ತಿಳಿಯುತ್ತದೆ. ಬೋರ್ಡು ಇಲ್ಲ, ಗಂಟೆ ಇಲ್ಲ, ಲೈಟು ಆರಿಸುವುದೂ ಇಲ್ಲ. ಒಬ್ಬರಿಗೂ ಬೇಜಾರಿಲ್ಲ.

ಮಧ್ಯಾಹ್ನ 3ರ ವ್ಯಾಪಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲು 3ರಿಂದ 6ರವರೆಗೆ ಆರೇಳು ನೂರು ಆದರೆ ದೊಡ್ಡದು. ಭಟ್ಟರು ಮಲಗುತ್ತಿದ್ದರು, ಕ್ಲೀನರ್ ಮೊಬೈಲು ನೋಡುತ್ತಿದ್ದ. ಆದರೆ ಸಂಬಳ ನಡೆಯುತ್ತಲೇ ಇರುತ್ತದೆ, ಬಾಡಿಗೆ ನಡೆಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಮಾರಿದ ಕಾಫಿಗೆ ಖರ್ಚು ಅಂದರೆ ಹಾಲು, ಪುಡಿ, ಸಕ್ಕರೆ, ಒಂಚೂರು ಗ್ಯಾಸು. ಇಪ್ಪತ್ತರ ಕಾಫಿಗೆ ಒಂಬತ್ತು, ಹೆಚ್ಚೆಂದರೆ ಹತ್ತು. ಮೂರೂಕಾಲಿಗೆ ಗೋಳಿಬಜೆ ಹಾಕಲು ಶುರುಮಾಡಿದೆ. ಒಂದೇ ಬಾಣಲೆ, ಇಪ್ಪತ್ತು ನಿಮಿಷಕ್ಕೊಂದು ಘಾಣ. ಒಟ್ಟಿಗೆ ಹಾಕಿ ಇಡಬಾರದು. ಘಾಣ ಮುಗಿದು ಮುಂದಿನದು ಬರುವವರೆಗೆ ಕಾಯುತ್ತಾರಲ್ಲ, ಆ ಕಾಯುವಾಗಲೇ ಕಾಫಿ ಓಡುತ್ತದೆ. ಈಗ ಆ ಮೂರು ಗಂಟೆಯಲ್ಲಿ ಐದೂವರೆ, ಆರು ಸಾವಿರ ಆಗುತ್ತದೆ. ಅಡಿಕೆ ಧಾರಣೆ ಚೆನ್ನಾಗಿರುವ ದಿನ ಎಂಟೂ ಆಗಿದೆ.

ಇನ್ನೊಂದು ತಮಾಷೆಯ ಪ್ರಯೋಗ. ಪೇಪರ್ ಎಲ್ಲರೂ ಹಾಕುತ್ತಾರೆ. ಇಡೀ ಪೇಪರ್ ಕೊಟ್ಟರೆ ಒಬ್ಬರು ಹಿಡಿದುಕೊಂಡು ಮುಖ ಮುಚ್ಚಿಕೊಂಡು ಬಿಡುತ್ತಾರೆ. ನಾನು ಹಾಳೆ ಹಾಳೆ ಬಿಡಿಸಿ ಟೇಬಲ್ ಉದ್ದಕ್ಕೂ ಹರಡಿಸಿದೆ. "ಕ್ರೀಡಾ ಪುಟ ನಿಮ್ಮ ಹತ್ರ ಇದೆಯಾ?" ಅಲ್ಲಿಂದ ಮಾತು. ಮಧ್ಯಾಹ್ನಕ್ಕೆ ಪದಬಂಧದ ಜೆರಾಕ್ಸ್ ಮಾಡಿಸಿಟ್ಟೆ, ದಿನಕ್ಕೆ ಹದಿನೈದು ಪ್ರತಿ, ಮೂವತ್ತು ರೂಪಾಯಿ ಖರ್ಚು. ಮೊದಲು ಮುಗಿಸಿದವರಿಗೆ ಬಹುಮಾನ ಎಂದು ಒಂದು ಬಜೆ ಪ್ಲೇಟ್ ಇಟ್ಟೆ. ಎರಡೇ ವಾರದಲ್ಲಿ ಜಗಳ ಹತ್ತಿತು, ಮನೆಯಲ್ಲೇ ಬಿಡಿಸಿಕೊಂಡು ಬಂದಿದ್ದಾರೆ ಎಂದು. ಬಹುಮಾನ ನಿಲ್ಲಿಸಿದೆ, ಪದಬಂಧ ಉಳಿಯಿತು. ನಿವೃತ್ತ ಕನ್ನಡ ಮೇಷ್ಟ್ರಿಗೆ ಈಗ ಶಾಲೆಯಲ್ಲಿದ್ದಾಗಿನದಕ್ಕಿಂತ ಜಾಸ್ತಿ ಶಿಷ್ಯರು.

ಕಾಫಿ ಲೋಟದಲ್ಲೂ ಒಂದು ಪರೀಕ್ಷೆ ಮಾಡಿದೆ. ಗಾಜಿನ ಲೋಟದಲ್ಲಿ ಕೊಟ್ಟರೆ ಬೇಗ ಕುಡಿದು ಬರಿಗೈಯಲ್ಲಿ ಕೂರುತ್ತಾರೆ. ಸ್ಟೀಲ್ ಲೋಟ ಬಟ್ಟಲು ಕೊಟ್ಟರೆ ಆಡಿಸುತ್ತಾ, ಸುರಿಯುತ್ತಾ ಕುಡಿಯುತ್ತಾರೆ. ಬೆಳಿಗ್ಗೆ ಗಾಜು, ಮಧ್ಯಾಹ್ನ ಸ್ಟೀಲು. ಯಾಕೆ ಎಂದು ನೀವೇ ಲೆಕ್ಕ ಹಾಕಿಕೊಳ್ಳಿ. ಡಿಕಾಕ್ಷನ್ ಎರಡೂ ಹೊತ್ತಿಗೆ ಬೇರೆ ಬೇರೆ. ಚಿಕೋರಿ ಎಷ್ಟು ಎಂದು ಕೇಳಬೇಡಿ, ಹೇಳುವುದಿಲ್ಲ.

ಉದ್ರಿಯ ಬೋರ್ಡನ್ನು ತೆಗೆದುಹಾಕಿದಾಗ ಆಡಿಟರ್ ತಲೆ ಚಚ್ಚಿಕೊಂಡರು. ಕಾಯಂ ಗಿರಾಕಿಗಳಿಗೆ ಒಂದು ಲೆಕ್ಕದ ಪುಸ್ತಕ ಮಾಡಿದೆ. ಪುಸ್ತಕ ಗಲ್ಲಾದಲ್ಲಿ ಇರುವುದಿಲ್ಲ, ಉದ್ದ ಟೇಬಲ್ಲಿನ ಮೇಲೇ ಇರುತ್ತದೆ. ಕುಡಿದವರು ತಾವೇ ಬರೆದುಕೊಳ್ಳಬೇಕು. ಗಲ್ಲಾದಲ್ಲಿದ್ದರೆ ನಾನು ಕಾಯಬೇಕಾಗುತ್ತದೆ, ಟೇಬಲ್ಲಿನಲ್ಲಿದ್ದರೆ ಹತ್ತು ಜೋಡಿ ಕಣ್ಣು ಕಾಯುತ್ತವೆ. ಬರೆಯುವುದು ಮರೆತವರಿಗೆ ಪಕ್ಕದವರೇ ಪೆನ್ನು ಕೊಡುತ್ತಾರೆ. ತಿಂಗಳಿಗೆ 40 ಸಾವಿರದಷ್ಟು ಬರೆಯುತ್ತಾರೆ. ಬಾರದೆ ಉಳಿಯುವುದು ಸಾವಿರ, ಸಾವಿರದಿನ್ನೂರು. ಅದರಲ್ಲೂ ಹೆಚ್ಚಿನದು ವರ್ಗವಾಗಿ ಹೋದ ನೌಕರರದ್ದು.

ರಾಜಕೀಯದ ಬೋರ್ಡನ್ನೂ ತೆಗೆದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಲೋಟ ಹಾರಿ ಶೋಕೇಸಿನ ಗಾಜು ಒಡೆದಿತ್ತು, ಬೋರ್ಡು ಇದ್ದಾಗಲೇ. 2023ರಲ್ಲಿ ಬೋರ್ಡು ಇರಲಿಲ್ಲ, ಉದ್ದ ಟೇಬಲ್ ಇತ್ತು, ಒಂದು ಲೋಟವೂ ಹಾರಲಿಲ್ಲ. ಅದಕ್ಕೆ ಟೇಬಲ್ಲಿಗಿಂತ ನಮ್ಮ ಹಿರಿಯ ಸಪ್ಲೈಯರ್ ಕಾರಣ. ಅಪ್ಪನ ಕಾಲದವರು. ದನಿ ಏರಿದ ಕೂಡಲೇ ಇಬ್ಬರ ನಡುವೆ ಕೈ ಹಾಕಿ ನಿಧಾನಕ್ಕೆ ಟೇಬಲ್ ಒರೆಸಲು ಶುರುಮಾಡುತ್ತಾರೆ. ಬಟ್ಟೆ ಒದ್ದೆ ಇರುತ್ತದೆ, ಇಬ್ಬರೂ ಮೊಣಕೈ ಎತ್ತಲೇಬೇಕು. ಇಂಥವರನ್ನು ಸಂಬಳ ಜಾಸ್ತಿ ಕೊಟ್ಟಾದರೂ ಉಳಿಸಿಕೊಳ್ಳಿ. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ಅವರ ತಲೆಯಲ್ಲಿದೆ.

ಕೊರೊನಾ ಬಂದಾಗ "ಈಗ ನಿನ್ನ ಉದ್ದ ಟೇಬಲ್ ಕತೆ ಮುಗೀತು" ಎಂದು ಭಾವ ಫೋನ್ ಮಾಡಿದರು. ಎರಡೂವರೆ ತಿಂಗಳು ಪಾರ್ಸೆಲ್ ಮಾತ್ರ, ಕಷ್ಟವೇ ಆಯಿತು. ಕೂಡಿಟ್ಟದ್ದರಲ್ಲಿ ಲಕ್ಷದ ಮೇಲೆ ಕರಗಿತು. 2020ರ ಜೂನ್ 8ರಿಂದ ಕೂತು ತಿನ್ನಲು ಅನುಮತಿ ಸಿಕ್ಕಿತು. ಅಂತರ ಬಿಟ್ಟು ಕೂರಿಸಬೇಕು. ಹನ್ನೊಂದು ಅಡಿಯ ಬೆಂಚಿನಲ್ಲಿ ಅಂತರ ಬಿಡುವುದು ಸುಲಭ, ನಾಲ್ಕರ ಟೇಬಲ್ಲಿನಲ್ಲಿ ಕಷ್ಟ. ಅಷ್ಟು ದಿನ ಮನೆಯಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಬಂದರು. ಊರಿನಲ್ಲಿ ಕೂರಲು ಬೇರೆ ಕಡೆ ಜಾಗವೇ ಇರಲಿಲ್ಲ.

ಇಷ್ಟೆಲ್ಲ ಬರೆದಾಗ ಬರೀ ಗಂಡಸರ ಸುದ್ದಿಯೇ ಆಯಿತು. ಆ ಪರದೆಯ ಗೂಡುಗಳಿದ್ದವಲ್ಲ, ಅವನ್ನು ಒಡೆಸಿದೆ. ಮಹಡಿಯ ಹಾಲಿನಲ್ಲಿ ಸೋಫಾ ತೆಗೆದು ಎರಡು ಉದ್ದ ಟೇಬಲ್ ಹಾಕಿದೆ, ಕಿಟಕಿ ತೆರೆಸಿದೆ. ಸ್ತ್ರೀಶಕ್ತಿ ಸಂಘದವರಿಗೆ ಮಂಗಳವಾರ ಮಧ್ಯಾಹ್ನ ಬಾಡಿಗೆ ಇಲ್ಲದೆ ಕೊಟ್ಟೆ. ಸಭೆಗೆ ಬಂದವರು ಮೊದಮೊದಲು ಕಾಫಿಯನ್ನೂ ಕುಡಿಯದೆ ಹೋಗುತ್ತಿದ್ದರು, ನಾನು ಏನೂ ಅನ್ನಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಲೆಕ್ಕವೇ ಬದಲಾಯಿತು. ಹಳ್ಳಿಯಿಂದ ಪೇಟೆಗೆ ಬರುವವರು ಜಾಸ್ತಿಯಾದರು. ಬಸ್ಸಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಮಸಾಲೆ ದೋಸೆ. ಸಂಘದವರಿಗೆ ಮೇಲಿನ ಹಾಲ್ ಗೊತ್ತಿತ್ತು, ಜೊತೆಯವರನ್ನೂ ಕರೆತಂದರು. ಈಗ ಮಧ್ಯಾಹ್ನ ಮಹಡಿಯಲ್ಲಿ ಹೆಂಗಸರೇ ಜಾಸ್ತಿ, ಮನೆಗೆ ಪಾರ್ಸೆಲ್ ಒಯ್ಯುವುದರಲ್ಲೂ ಅವರದ್ದೇ ಮೇಲುಗೈ.

ಇಷ್ಟರ ಮೇಲೂ ಕಾಫಿಯಿಂದ ಶ್ರೀಮಂತನಾಗುತ್ತೇನೆ ಎಂದುಕೊಂಡರೆ ಹುಚ್ಚು. ನಿಜವಾದ ದುಡ್ಡು ಆರ್ಡರಿನಲ್ಲಿ. ಇಪ್ಪತ್ತು ರೂಪಾಯಿಯ ಕಾಫಿ ಕುಡಿಯುವ ಮೇಷ್ಟ್ರ ಮಗಳ ಮದುವೆ, ಗುಮಾಸ್ತರ ಮನೆಯ ಗೃಹಪ್ರವೇಶ, ವಕೀಲರ ಮಗನ ಉಪನಯನ, ಎಲ್ಲ ಮೊದಲು ಚರ್ಚೆಯಾಗುವುದು ಆ ಟೇಬಲ್ಲಿನಲ್ಲಿ. ಅಡುಗೆ ಯಾರಿಗೆ ಹೇಳೋದು ಎಂಬ ಪ್ರಶ್ನೆ ಬಂದಾಗ ನಾನು ಐದಡಿ ದೂರದಲ್ಲಿ ಗಲ್ಲಾದಲ್ಲಿರುತ್ತೇನೆ. ಒಂದೇ ಸೀಸನ್ನಿನಲ್ಲಿ ಆ ಟೇಬಲ್ಲಿನಿಂದ ಆರೇಳು ಲಕ್ಷದ ಆರ್ಡರ್ ಬಂದದ್ದಿದೆ. ದಿನದ ಕಲೆಕ್ಷನ್ ಈಗ 30-32 ಸಾವಿರ. ಎದುರಿನ ಎರಡು ದರ್ಶಿನಿಯಲ್ಲಿ ಒಂದು ಈಗ ಮೊಬೈಲ್ ಅಂಗಡಿ.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿ ಪುಡಿ ಅದಕ್ಕೂ ಮೊದಲೇ ಕೈ ಸುಡುತ್ತಿತ್ತು. ಹದಿನೇಳಿದ್ದ ಕಾಫಿಯನ್ನು ಇಪ್ಪತ್ತು ಮಾಡಬೇಕು. ಬೋರ್ಡು ಬದಲಾಯಿಸುವ ಮೊದಲು ಹಾಲಿನ ಬಿಲ್ಲು, ಪುಡಿಯ ಬಿಲ್ಲು ಎರಡನ್ನೂ ತಂದು ಉದ್ದ ಟೇಬಲ್ಲಿನ ಮೇಲೆ ಇಟ್ಟೆ. "ನೀವೇ ಹೇಳಿ" ಎಂದೆ. ಒಂದು ಬೆಳಗಿಡೀ ಚರ್ಚೆ. ಹತ್ತೊಂಬತ್ತು ಸಾಕು ಎಂದರು ಕೆಲವರು. ಚಿಲ್ಲರೆಗೆ ಎಲ್ಲಿ ಹೋಗೋದು, ಇಪ್ಪತ್ತೇ ಮಾಡಿ ಎಂದವರು ಅದೇ ಎಲ್‌ಐಸಿ ಏಜೆಂಟರು. ಬೈಟುಗೆ ಎರಡು ರೂಪಾಯಿ ಜಾಸ್ತಿ ಎಂದೂ ಅವರೇ ತೀರ್ಮಾನಿಸಿದರು. ಯಾರಾದರೂ ಹೊಸಬರು ರೇಟು ಕೇಳಿ ಗೊಣಗಿದರೆ ಉತ್ತರ ಕೊಡುವುದು ನಾನಲ್ಲ, ಆ ಟೇಬಲ್ಲಿನವರು.

ಭಾನುವಾರ ಸಂಜೆ ಮಾತ್ರ ನನಗೆ ಇನ್ನೂ ಬಗ್ಗಿಲ್ಲ. ಕೋರ್ಟಿಲ್ಲ, ಕಚೇರಿ ಇಲ್ಲ, ಟೇಬಲ್ ಖಾಲಿ. ಹರಟೆ ಕಾರ್ಯಕ್ರಮ ಎಂದು ಎರಡು ಮೂರು ಭಾನುವಾರ ಮಾಡಿ ನೋಡಿದೆ. ಮೈಕು ಇಟ್ಟ ಕೂಡಲೇ ಜನ ಮಾತು ನಿಲ್ಲಿಸುತ್ತಾರೆ, ಒಬ್ಬರೇ ಭಾಷಣ ಮಾಡುತ್ತಾರೆ. ಮುಂದಿನ ಸಲ ಮೈಕಿಲ್ಲದೆ, ಬನ್ಸ್ ಜೊತೆ ಪ್ರಯತ್ನಿಸಬೇಕು ಎಂದಿದ್ದೇನೆ.

ಕಳೆದ ತಿಂಗಳು ಭಾವ ಹುಬ್ಬಳ್ಳಿಯಿಂದ ಫೋನ್ ಮಾಡಿದ್ದರು. ಅವರೂ ಉದ್ದ ಟೇಬಲ್ ಮಾಡಿಸುತ್ತಾರಂತೆ, ಆರಡಿಯದ್ದು. ಆರಡಿ ಸಾಲದು, ಹತ್ತಾದರೂ ಬೇಕು, ಅಗಲ 26 ದಾಟಬೇಡಿ ಎಂದೆ. ಬರೆದುಕೊಂಡರು. ಆಮೇಲೆ ದನಿ ತಗ್ಗಿಸಿ, "ಆ ಎಂಟೂವರೆಗೆ ಎಬ್ಬಿಸೋದು ಹೇಗೋ?" ಎಂದು ಕೇಳಿದರು. ಮೊದಲು ಟೇಬಲ್ ಮಾಡಿಸಿ ಭಾವ, ಆಮೇಲೆ ನೋಡೋಣ ಎಂದೆ.